ಸ್ಟಿಕರ್ ಓದಲು ಕಲಿತ ಮೇಲೆ ಎದ್ದ ಲ್ಯಾಪ್‌ಟಾಪ್

ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು ಇಷ್ಟು: ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 5400 ಆರ್‌ಪಿಎಂ ಹಾರ್ಡ್ ಡಿಸ್ಕ್. "ಗುಜರಿಗೆ ಹಾಕು ಮಾರಾಯ" ಎಂದು ಮೂವರು ಗೆಳೆಯರು ಹೇಳಿದ್ದರು. ಮೂವರೂ ಕಂಪ್ಯೂಟರ್ ಬಲ್ಲವರೇ. ಈಗ ಇದನ್ನು ಟೈಪ್ ಮಾಡುತ್ತಿರುವುದು ಅದೇ ಲ್ಯಾಪ್‌ಟಾಪ್‌ನಲ್ಲಿ, ಹಿಂದೆ ಇಪ್ಪತ್ತಕ್ಕೂ ಜಾಸ್ತಿ ಟ್ಯಾಬ್ ತೆರೆದಿಟ್ಟುಕೊಂಡು.

ಸುಲಭಕ್ಕೆ ಆಗಲಿಲ್ಲ. ಒಟ್ಟು ಖರ್ಚು ಹೊಸ ಲ್ಯಾಪ್‌ಟಾಪ್ ಬೆಲೆಯ ಹತ್ತನೇ ಒಂದು ಪಾಲು ಆಗಿರಬಹುದು. ಆದರೆ ಅದರಲ್ಲಿ ಮೂರನೇ ಒಂದು ಭಾಗ ತಪ್ಪು ಸಾಮಾನು ಕೊಂಡು ಕಳೆದದ್ದು.

ಮೊದಲನೇ ತಪ್ಪು ಹೇಳಿಕೊಳ್ಳಲೂ ನಾಚಿಕೆ. ರ‍್ಯಾಮ್ ಹೆಚ್ಚಿಸೋಣ ಎಂದು "ಡಿಡಿಆರ್3, 8 ಜಿಬಿ" ಇಷ್ಟೇ ನೋಡಿ ಆರ್ಡರ್ ಮಾಡಿದೆ. ಪೊಟ್ಟಣ ಬಿಚ್ಚಿದರೆ 240 ಪಿನ್ನಿನ ಡೆಸ್ಕ್‌ಟಾಪ್ ರ‍್ಯಾಮ್! ನನಗೆ ಬೇಕಿದ್ದುದು ಅದರ ಅರ್ಧ ಉದ್ದದ, 204 ಪಿನ್ನಿನ ಸೋಡಿಮ್, ಅಂದರೆ ಲ್ಯಾಪ್‌ಟಾಪ್ ರ‍್ಯಾಮ್. ವಾಪಸ್ ತಗೊಳ್ಳಲಿಲ್ಲ. ಇವತ್ತಿಗೂ ಡ್ರಾಯರ್‌ನಲ್ಲಿದೆ.

ಎರಡನೇದು ಇನ್ನೂ ಮೋಸದ್ದು. ಈ ಸಲ ಸೋಡಿಮ್ಮೇ ತರಿಸಿದೆ. ಸ್ಲಾಟ್‌ನಲ್ಲಿ ಸರಿಯಾಗಿ ಕೂತಿತು, ಎರಡೂ ಬದಿಯ ಕ್ಲಿಪ್ ಟಕ್ ಎಂದವು. ಪವರ್ ಬಟನ್ ಒತ್ತಿದರೆ ಫ್ಯಾನ್ ಒಂದ್ಸಲ ತಿರುಗಿ ನಿಂತಿತು. ಪರದೆ ಕಪ್ಪು. ತೆಗೆದು ಹಾಕಿದೆ, ಸ್ಲಾಟ್ ಬದಲಿಸಿದೆ, ಬ್ಯಾಟರಿ ಕಳಚಿ ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದೆ. ಏನೂ ಇಲ್ಲ. ಬೋರ್ಡೇ ಸುಟ್ಟಿತು ಅಂದುಕೊಂಡೆ. ಹಳೆ 4 ಜಿಬಿ ಒಂದನ್ನೇ ಹಾಕಿದರೆ ಮಾತ್ರ ಸುಮ್ನೆ ಆನ್ ಆಯಿತು.

ಆಗ ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಸ್ಟಿಕರ್ ಓದಿದೆ. ಹಳೆಯದರ ಮೇಲೆ "ಪಿಸಿ3ಎಲ್-12800ಎಸ್-11". ಹೊಸದರ ಮೇಲೆ "ಪಿಸಿ3-12800ಎಸ್-11". ಒಂದೇ ಒಂದು ಅಕ್ಷರ, ಎಲ್! ಎಲ್ ಇದ್ದರೆ 1.35 ವೋಲ್ಟ್, ಇಲ್ಲದಿದ್ದರೆ 1.5 ವೋಲ್ಟ್. ನನ್ನ ಪ್ರೊಸೆಸರ್‌ಗೆ 1.35 ಮಾತ್ರ ಆಗುತ್ತದೆ. ಎರಡಕ್ಕೂ ಪಿನ್ ಅಷ್ಟೇ, ನಡುವಿನ ಕಚ್ಚೂ ಒಂದೇ ಜಾಗದಲ್ಲಿ. ಹಾಗಾಗಿ ಕೈಗೆ ಗೊತ್ತಾಗುವುದಿಲ್ಲ, ಕಣ್ಣಿಗೇ ಗೊತ್ತಾಗಬೇಕು.

ಅಲ್ಲಿಂದ ಸ್ಟಿಕರ್ ಓದುವುದೇ ನನ್ನ ಚಟವಾಯಿತು. 12800 ಅಂದರೆ ಸೆಕೆಂಡಿಗೆ ಅಷ್ಟು ಎಂಬಿ. ಎಂಟರಿಂದ ಭಾಗಿಸಿದರೆ 1600, ನಾವು ಬಾಯಲ್ಲಿ ಹೇಳುವ ಸ್ಪೀಡ್ ಅದು. ಎಸ್ ಅಂದರೆ ಲ್ಯಾಪ್‌ಟಾಪಿನದು, ಯು ಅಂದರೆ ಡೆಸ್ಕ್‌ಟಾಪಿನದು, ಆರ್ ಇದ್ದರೆ ಸರ್ವರ್‌ನದು, ಮುಟ್ಟಲೇಬೇಡಿ. ಕೊನೆಯ 11 ಸಿಎಲ್, ಅಂದರೆ ಕೇಳಿದ ಡೇಟಾ ಕೊಡಲು ರ‍್ಯಾಮ್ ಎಷ್ಟು ಕ್ಲಾಕ್ ಬಡಿತ ಕಾಯಿಸುತ್ತದೆ ಎಂಬ ಲೆಕ್ಕ. ಈ ಸಿಎಲ್ ಬಗ್ಗೆ ಜನ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. 1333ರಲ್ಲಿ ಸಿಎಲ್ 9 ಅಂದರೆ 13.5 ನ್ಯಾನೊಸೆಕೆಂಡ್, 1600ರಲ್ಲಿ ಸಿಎಲ್ 11 ಅಂದರೆ 13.75. ಎಷ್ಟು ವ್ಯತ್ಯಾಸ ಆಯ್ತು, ಹೇಳಿ?

ಮೂರನೇ ಸಲ ಸೆಕೆಂಡ್ ಹ್ಯಾಂಡ್ 8 ಜಿಬಿ ತಗೊಂಡೆ, ಹೊಸದರ ಅರ್ಧ ಬೆಲೆಗೆ. ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ. ಬೆಳಿಗ್ಗೆ ನೋಡಿದರೆ ಕೆಂಪು ಗೆರೆಗಳ ಸಾಲು. ಎದೆ ಧಸಕ್ ಎಂದಿತು. ಪಿನ್ನಿಗೆ ಮೆಲ್ಲಗೆ ರಬ್ಬರ್ ಉಜ್ಜಿ, ಪುಡಿ ಊದಿ, ಮತ್ತೆ ಹಾಕಿದೆ. ಮರುದಿನ ಬೆಳಿಗ್ಗೆ ಒಂದೂ ಎರರ್ ಇಲ್ಲ.

4 ಮತ್ತು 8 ಸೇರಿಸಬಾರದು, ಡ್ಯುಯಲ್ ಚಾನೆಲ್ (ಎರಡೂ ರ‍್ಯಾಮ್ ಜೋಡಿಯಾಗಿ ಓಡುವುದು) ಹೋಗುತ್ತದೆ ಎಂದು ಗೆಳೆಯನೊಬ್ಬ ವಾದ ಮಾಡಿದ. ಪೂರ್ತಿ ಹೋಗುವುದಿಲ್ಲ. ಇಂಟೆಲ್‌ನಲ್ಲಿ ಎರಡರಲ್ಲೂ ನಾಲ್ಕು ನಾಲ್ಕು ಜಿಬಿ ಜೋಡಿಯಾಗಿ ಓಡುತ್ತದೆ, ಉಳಿದ ನಾಲ್ಕು ಒಂಟಿಯಾಗಿ. ಅವನ ಎದುರೇ ಹಳೆಯ ಗೇಮ್ ಒಂದನ್ನು ಹಾಕಿ ತೋರಿಸಿದೆ. 8 ಜಿಬಿ ಒಂದೇ ಇದ್ದಾಗ ಸೆಕೆಂಡಿಗೆ 22 ಫ್ರೇಮ್ ಆಸುಪಾಸು, ಎರಡೂ ಇದ್ದಾಗ 28ರ ಹತ್ತಿರ. ಗ್ರಾಫಿಕ್ಸ್ ಕೂಡ ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದಲ್ವಾ, ಅದಕ್ಕೆ. ಅವನು ಏನೂ ಮಾತಾಡದೆ ಚಹಾ ಕುಡಿದ.

ಇಷ್ಟಾದರೂ ವಿಂಡೋಸ್ ಮಾತ್ರ 12 ಜಿಬಿಯಲ್ಲಿ ಮೂರು ಚಿಲ್ಲರೆಯನ್ನೇ ಬಳಸುತ್ತಿತ್ತು. ಒಂದು ವಾರ ಬಯಾಸ್ (ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್) ಒಳಗೆ ಹುಡುಕಾಡಿದೆ. ಕೊನೆಗೆ ನೋಡಿದರೆ ಯಾರೋ ಹಿಂದೆ 32 ಬಿಟ್ ವಿಂಡೋಸ್ ಹಾಕಿಬಿಟ್ಟಿದ್ದರು. ಅದರ ಲೆಕ್ಕ 4 ಜಿಬಿಗೇ ಮುಗಿಯುತ್ತದೆ, ಅದರಲ್ಲೂ ಗ್ರಾಫಿಕ್ಸ್ ಮುಂತಾದವಕ್ಕೆ ಒಂದಿಷ್ಟು ಹೋಗುತ್ತದೆ. ಹೇಗೂ ಈ ಪ್ರೊಸೆಸರ್‌ಗೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ಇದ್ದ ವಿಂಡೋಸ್ ಅಳಿಸಿ 64 ಬಿಟ್ ಲಿನಕ್ಸ್ ಹಾಕಿದೆ.

ನಿಜವಾದ ಜೀವ ಬಂದದ್ದು ಹಾರ್ಡ್ ಡಿಸ್ಕ್ ಬದಲಿಗೆ ಹಾಕಿದ, ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿಯಿಂದ, ಒಪ್ಪಿಕೊಳ್ಳುತ್ತೇನೆ. ಮೊದಲು ಆನ್ ಆಗಲು ಎರಡೂವರೆ ನಿಮಿಷ ಬೇಕಿತ್ತು, ಈಗ ಇಪ್ಪತ್ತು ಸೆಕೆಂಡಿನ ಸುಮಾರು. 240 ಜಿಬಿಯದು ವಿಂಡೋಸ್‌ನಲ್ಲಿ 223 ಎಂದು ತೋರಿಸಿದಾಗ ಜಗಳಕ್ಕೇ ಹೊರಟಿದ್ದೆ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಜಿಬಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಅದೇ ಡಿಸ್ಕ್ ಲಿನಕ್ಸ್‌ಗೆ ಬಂದ ಮೇಲೆ 240 ಎಂದೇ ತೋರಿಸಿತು!

ಹಳೆಯ ಹಾರ್ಡ್ ಡಿಸ್ಕನ್ನು ಡಿವಿಡಿ ಡ್ರೈವ್ ಜಾಗದಲ್ಲಿ ಕೂರಿಸೋಣ ಎಂದು ಕ್ಯಾಡಿ, ಅಂದರೆ ಅದನ್ನು ಹಿಡಿದಿಡುವ ಚೌಕಟ್ಟು, ತರಿಸಿದೆ. 12.7 ಮಿಲಿಮೀಟರ್ ದಪ್ಪದ್ದು ಬಂತು, ನನ್ನದಕ್ಕೆ ಬೇಕಿದ್ದುದು 9.5. ಇದು ಮೂರನೇ ತಪ್ಪು, ಇದೂ ಡ್ರಾಯರ್‌ಗೆ.

ಗುಜರಿಗೆ ಹಾಕು ಎಂದಿದ್ದವರಲ್ಲಿ ಒಬ್ಬ ಮೊನ್ನೆ ತನ್ನ ಲ್ಯಾಪ್‌ಟಾಪ್ ಬಿಟ್ಟುಹೋಗಿದ್ದಾನೆ, "ಇದಕ್ಕೂ ಏನಾದ್ರೂ ಮಾಡು" ಅಂತ. ಹಿಂಬದಿ ಬಿಚ್ಚಿದೆ. ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದಾರೆ. ಓದಲು ಸ್ಟಿಕರೂ ಇಲ್ಲ, ಹಾಕಲು ಸ್ಲಾಟೂ ಇಲ್ಲ. ಎಸ್‌ಎಸ್‌ಡಿ ಒಂದನ್ನು ಬದಲಿಸಿ ಕೊಡಬೇಕಷ್ಟೇ.