1983ರ ಗಾಲ್ಫ್ ಜಿಟಿಐ, 2014ರ ಗಾಲ್ಫ್ ಜಿಟಿಐ: ನಾನು ಹೋಲಿಸಿ ನೋಡಿದ ಬಗೆ

ಗೆಳೆಯನ ಹತ್ತಿರ 1983ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕಾರು ಇದೆ. 112 ಅಶ್ವಶಕ್ತಿ, ತೂಕ ಸುಮಾರು 840 ಕೆಜಿ. ನನ್ನದು 2014ರ ಏಳನೇ ತಲೆಮಾರಿನ ಜಿಟಿಐ. 220 ಅಶ್ವಶಕ್ತಿ, ಸುಮಾರು 1350 ಕೆಜಿ. ಕಾಗದದ ಲೆಕ್ಕದಲ್ಲಿ ನನ್ನದೇ ಮುಂದೆ. ಆದರೆ ಒಮ್ಮೆ ಅವನ ಕಾರು ಓಡಿಸಿ ಬಂದ ಮೇಲೆ ನನಗೆ ಆ ಲೆಕ್ಕ ಸಾಲದು ಅನ್ನಿಸಿತು.

ಒಂದು ಭಾನುವಾರ ಬೆಳಗ್ಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಎರಡೂ ಕಾರು ತೆಗೆದುಕೊಂಡು ಬಾಡೆನ್-ಬಾಡೆನ್‌ಗೆ ಹೋದೆವು. ಅಲ್ಲಿಂದ ಬ್ಲ್ಯಾಕ್ ಫಾರೆಸ್ಟ್ ಬೆಟ್ಟ ಹತ್ತುವ ಬಿ 500 ರಸ್ತೆಯಲ್ಲಿ ಮುಮ್ಮೆಲ್‌ಜೇ ಕೆರೆಯವರೆಗೆ ಓಡಿಸುವುದೆಂದು ಮಾತಾಯಿತು. ಹೊರಡುವ ಮೊದಲು, ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿಕೊಂಡೆವು. ಎರಡು ಕಾರಿನಲ್ಲೂ ಆಯಿಲ್ ಬಿಸಿ ತೋರಿಸುವ ವ್ಯವಸ್ಥೆ ಇದೆ. ಹಳೆಯದರಲ್ಲೂ ಇದೆ, ಅದು ನನಗೆ ತುಂಬ ಇಷ್ಟ. 80 ಡಿಗ್ರಿ ದಾಟುವವರೆಗೆ ಇಬ್ಬರೂ ನಿಧಾನವಾಗಿಯೇ ಹೋದೆವು.

ಮೊದಲು ಹಳೆಯದು, ಆಮೇಲೆ ಹೊಸದು, ಮತ್ತೆ ಹಳೆಯದು. ಮೊದಲ ಸುತ್ತು ಕ್ಲಚ್, ಬ್ರೇಕ್ ಕಾಲಿಗೆ ಒಗ್ಗುವುದರಲ್ಲೇ ಮುಗಿದುಹೋಗುತ್ತದೆ. ಅದನ್ನು ನಂಬಿ ತೀರ್ಮಾನಕ್ಕೆ ಬರಬಾರದು. ವೇಗಮಿತಿ ದಾಟಲಿಲ್ಲ, ಸ್ಟಾಪ್‌ವಾಚ್ ಇಡಲಿಲ್ಲ. ಒಂದೇ ತಿರುವು, ಒಂದೇ ವೇಗ. ಅಲ್ಲಿ ಕಾರು ನನ್ನಿಂದ ಎಷ್ಟು ಕೆಲಸ ಕೇಳುತ್ತದೆ ಎನ್ನುವುದನ್ನಷ್ಟೇ ನೋಡಿದೆ.

ವ್ಯತ್ಯಾಸ ಇದ್ದದ್ದು ಅಲ್ಲೇ. ಹಳೆಯದರ 1.8 ಲೀಟರ್ ಎಂಜಿನ್‌ಗೆ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲ. ಅದಕ್ಕೆ ಪೆಟ್ರೋಲ್ ಹಾಯಿಸುವುದು ಬಾಷ್ ಕಂಪನಿಯ ಕೆ-ಜೆಟ್ರಾನಿಕ್ ಎಂಬ ವ್ಯವಸ್ಥೆ. ಅದರಲ್ಲಿ, ಒಳಗೆ ಹೋಗುವ ಗಾಳಿ ಒಂದು ತಟ್ಟೆಯನ್ನು ಎತ್ತುತ್ತದೆ, ಎತ್ತಿದಷ್ಟು ಪೆಟ್ರೋಲ್ ಹೋಗುತ್ತದೆ. ಏರಿನಲ್ಲಿ ಎಂಜಿನ್ ವೇಗ ಇಳಿಯದಂತೆ ಎರಡನೇ, ಮೂರನೇ ಗೇರ್ ನಡುವೆ ಕೈ ಓಡಾಡುತ್ತಲೇ ಇತ್ತು. ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್, ಎಬಿಎಸ್ ಇಲ್ಲ. ಹಾಗಾಗಿ ತಿರುವಿಗೆ ಬಹಳ ಮೊದಲೇ ಯೋಚಿಸಬೇಕು. ಪವರ್ ಸ್ಟೀರಿಂಗೂ ಇಲ್ಲ. ಮಾರುತಿ 800ರಲ್ಲಿ ಕಲಿತ ನನಗೆ ಅದೇನೂ ಹೊಸದಲ್ಲ ಬಿಡಿ. ರಸ್ತೆಯ ಒಂದೊಂದು ತೇಪೆಯೂ ಅಂಗೈಗೆ ಗೊತ್ತಾಗುತ್ತದೆ. ಮುಂದಿನ ಗಾಜಿನ ಎರಡು ಬದಿಯ ಕಂಬಗಳು ತೆಳು, ತಿರುವಿನ ಕೊನೆಯವರೆಗೂ ಕಾಣುತ್ತದೆ.

ಅದೇ ಏರನ್ನು ಹೊಸದು ಮೂರನೇ ಗೇರಿನಲ್ಲೇ ಹತ್ತಿತು. 1500 ಆರ್‌ಪಿಎಂಗೇ 350 ಎನ್‌ಎಂ ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಸಿಗುವಾಗ ಗೇರ್ ಯಾಕೆ ಬದಲಿಸಬೇಕು, ಅಲ್ವಾ? ಗಂಟೆಗೆ 70 ಕಿ.ಮೀ. ವೇಗದಲ್ಲಿ ಹಳೆಯದು ಮೈತುಂಬ ದುಡಿಯುತ್ತಿತ್ತು, ಹೊಸದು ಆಗಷ್ಟೇ ಕಣ್ಣು ಬಿಟ್ಟಂತಿತ್ತು. ಅದರ ನಿಜವಾದ ಮಜಾ ಶುರುವಾಗುವ ವೇಗ ಆ ರಸ್ತೆಗೆ ಸಲ್ಲದು.

ಮಧ್ಯೆ ಸಣ್ಣ ಮಳೆ ಬಂತು. ಒದ್ದೆ ಎಲೆಗಳ ಮೇಲೆ ಹೊಸದು ಒಂದಿಷ್ಟೂ ಅಳುಕದೆ ನಿಂತಿತು. ಮಕ್ಕಳನ್ನು ಕೂರಿಸಿಕೊಂಡು ಹೋಗುವುದಾದರೆ ನಾನು ಬೇರೆ ಯೋಚನೆಯನ್ನೇ ಮಾಡುವುದಿಲ್ಲ.

ವಾಪಸ್ ಹೊರಡುವಾಗ ಹಳೆಯ ಕಾರಿನ ಕೀ ನಾನೇ ಕೇಳಿ ತೆಗೆದುಕೊಂಡೆ. ಬೆಟ್ಟ ಇಳಿಯುವವರೆಗೆ ಮಾತ್ರ. ಹೈವೇ ಸಿಕ್ಕ ಕೂಡಲೇ ನನ್ನ ಕಾರಿಗೆ ಮರಳಿದೆ.