ಊಟದ ಮೇಜಿಗೆ ಸ್ಟೀಲ್ ಸೌಟು, ಬೋಗುಣಿ ಆರಿಸಿದ ನನ್ನ ಅನುಭವ

ಡೊಂಬಿವಲಿಯ ನಮ್ಮ ಮನೆಯಲ್ಲಿ ಹಬ್ಬದ ದಿನ ಅಡುಗೆಯೆಲ್ಲ ಮೇಜಿನ ಮೇಲೇ ಇರುತ್ತದೆ, ಅವರವರೇ ಬಡಿಸಿಕೊಳ್ಳುತ್ತಾರೆ. ಒಲೆಯ ಹತ್ತಿರದ ಉದ್ದ ಹಿಡಿಯ ಸೌಟು ಇಲ್ಲಿ ಸರಿಹೋಗುವುದಿಲ್ಲ. ಹಿಡಿಯ ಭಾರಕ್ಕೆ ಮಗುಚಿ ಸಾರೆಲ್ಲ ಮೇಜಿನ ಮೇಲೆ ಚೆಲ್ಲುತ್ತದೆ. ಅದಕ್ಕೇ ಬಡಿಸಲೆಂದೇ ಹೊಸ ಮಾದರಿಯ ಸ್ಟೀಲ್ ಸಾಮಾನು ತರಲು ಮುಂಬೈನ ಭುಲೇಶ್ವರ ಮಾರುಕಟ್ಟೆಗೆ ಹೋದೆ.

ಡಬ್ಬದಲ್ಲಿ ಜೋಡಿಸಿಟ್ಟ ಸೆಟ್ ನೋಡಲು ಚಂದ. ಆದರೆ ಕೇಕ್ ಎತ್ತುವ ಚಪ್ಪಟೆ ಚಮಚ ನಮಗೆ ಯಾಕೆ, ಅಲ್ವಾ? ನಮಗೆ ಬೇಕಾದದ್ದು ಸಾರಿಗೆ ಆಳದ ಸೌಟು, ಪಲ್ಯಕ್ಕೆ ಅಗಲ ಚಮಚ, ತುಪ್ಪಕ್ಕೆ ಪುಟ್ಟದೊಂದು. ಹಾಗಾಗಿ ಬಿಡಿಬಿಡಿಯಾಗಿ ಆರಿಸಿದೆ.

ಖಾಲಿ ಸೌಟು ಯಾವುದಾದರೂ ಕೈಗೆ ಹಗುರವೇ. ಅಂಗಡಿಯವರಿಂದ ನೀರು ಕೇಳಿ, ತುಂಬಿ ಎತ್ತಿ ನೋಡಿದೆ. ತೆಳುವಾದ ದುಂಡು ಹಿಡಿಯಾದರೆ ಬೆರಳ ನಡುವೆ ತಿರುಗಿಬಿಡುತ್ತದೆ. ಅತ್ತೆಯವರಿಗೆ ಬೆರಳ ಗಂಟಿನ ನೋವು, ಅವರಿಗೆ ಸ್ವಲ್ಪ ದಪ್ಪನೆಯ, ಚಪ್ಪಟೆ ಹಿಡಿಯೇ ಆಗಬೇಕು. ಆಮೇಲೆ ಹಿಡಿ ಬಟ್ಟಲಿಗೆ ಸೇರುವ ಜಾಗ ನೋಡಿದೆ. ಬೆಸೆದ ಕಡೆ ಉಗುರು ಸಿಕ್ಕಿಕೊಳ್ಳುವಷ್ಟು ಸಂದು ಇದ್ದರೆ ಹುಳಿಯ ಬೇಳೆ, ಎಣ್ಣೆ ಅಲ್ಲೇ ಕೂರುತ್ತದೆ. ಎಷ್ಟು ಉಜ್ಜಿದರೂ ಆ ಕಪ್ಪು ಗೆರೆ ಹೋಗುವುದಿಲ್ಲ. ಒಂದೇ ತಗಡಿನಲ್ಲಿ ಒತ್ತಿ ಮಾಡಿದ್ದೇ ಒಳ್ಳೆಯದು. ಈ ವಿಷಯದಲ್ಲಿ ಮಾತ್ರ ನಾನು ರಾಜಿಯಾಗಲಿಲ್ಲ.

ಸ್ಟೀಲಿನ ದರ್ಜೆಯನ್ನೂ ಕೇಳಬೇಕು. 304 ಅಥವಾ 18/8 ಅಂದರೆ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್. ಅಗ್ಗದ 202ರಲ್ಲಿ ನಿಕಲ್ ಕಡಿಮೆ, ಮ್ಯಾಂಗನೀಸ್ ಜಾಸ್ತಿ. ತುಕ್ಕು ತಡೆಯುವ ಶಕ್ತಿಯೂ ಕಡಿಮೆ. ಕೆಲವರು ಆಯಸ್ಕಾಂತ ಇಟ್ಟು ನೋಡುತ್ತಾರೆ. ಸಾಮಾನ್ಯವಾಗಿ ಈ ಎರಡಕ್ಕೂ ಅದು ಅಂಟುವುದಿಲ್ಲ, ಹಾಗಾಗಿ ಸುಮ್ನೆ ಕೆಲಸ. ನಾನು ಹಿಂಭಾಗದಲ್ಲಿ ದರ್ಜೆಯ ಗುರುತು, ಐಎಸ್‌ಐ ಮುದ್ರೆ ಹುಡುಕಿದೆ. ಸ್ಟೀಲ್ ಪಾತ್ರೆಗಳ ಮಾನದಂಡ ಐಎಸ್ 14756, ಬಡಿಸುವ ಸಾಮಾನೂ ಅದರಲ್ಲಿ ಸೇರುತ್ತದೆ.

ಎರಡು ಪದರದ ಬೋಗುಣಿ ತಂದದ್ದು ತುಂಬಾ ಅನುಕೂಲವಾಯಿತು. ಪದರಗಳ ನಡುವೆ ಗಾಳಿ ಇರುವುದರಿಂದ ಒಳಗೆ ಕುದಿ ಹುಳಿ ಇದ್ದರೂ ಹೊರಗೆ ಹಿಡಿದರೆ ಕೈ ಸುಡುವುದಿಲ್ಲ. ಮಕ್ಕಳೂ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾರೆ. ಅದನ್ನು ಒಲೆಯ ಮೇಲಾಗಲಿ ಮೈಕ್ರೋವೇವ್‌ನಲ್ಲಾಗಲಿ ಇಡಬಾರದು. ಹೊಳಪಿಗಿಂತ ಮಬ್ಬು ಮೈಯದನ್ನೇ ತೆಗೆದುಕೊಂಡೆ, ಗೀರು, ಬೆರಳ ಗುರುತು ಅಷ್ಟಾಗಿ ಕಾಣುವುದಿಲ್ಲ.

ಉಪ್ಪು ಎಂಥ ಒಳ್ಳೆಯ ಸ್ಟೀಲನ್ನೂ ಚುಕ್ಕೆಚುಕ್ಕೆಯಾಗಿ ಕೊರೆಯುತ್ತದೆ. ಊಟ ಮುಗಿದ ಮೇಲೆ ಉಪ್ಪಿನಕಾಯಿಯಲ್ಲಿ ಚಮಚ ಬಿಡುವುದಿಲ್ಲ. ಟ್ಯಾಂಕರ್ ನೀರಿನ ಬಿಳಿ ಕಲೆಗೆ ನಿಂಬೆಹೋಳು ಉಜ್ಜಿ, ತೊಳೆದು, ಒಣಬಟ್ಟೆಯಲ್ಲಿ ಒರೆಸಿಡುತ್ತೇನೆ. ಇನ್ನು ಅಗಲವಾದ, ಅಂಚು ಚೂಪಿಲ್ಲದ, ಅನ್ನ ಬಡಿಸುವ ಸೌಟು ಒಂದು ಬೇಕು. ಮಾಟುಂಗದ ಅಂಗಡಿಗಳಲ್ಲಿ ನೋಡುತ್ತಿದ್ದೇನೆ.