ಮೀನು ಹೆಚ್ಚಾದ ಕೆರೆ: ನನ್ನ ಅನುಭವ

ಆಲ್ದೂರಿನ ಕಡೆಯ ಕಾಫಿ ತೋಟವೊಂದರ ಮಾಲೀಕರು ಮಾರ್ಚ್ ಮೊದಲ ವಾರ ಫೋನ್ ಮಾಡಿ ಕೇಳಿದ್ದು ಇಷ್ಟೇ: "ಹತ್ತು ಸಾವಿರ ಮೀನುಮರಿ ಎಲ್ಲಿ ಸಿಗುತ್ತದೆ?" ಅವರ ತೋಟದ ನಡುವೆ ಒಂದು ಕೆರೆ ಇದೆ. ತುಂಬಿದಾಗ ಮೂರೂವರೆ ಎಕರೆ. ಹೂಮಳೆ ಕೈಕೊಟ್ಟ ವರ್ಷ ಗಿಡಕ್ಕೆ ಸ್ಪ್ರಿಂಕ್ಲರ್ ನೀರು ಕೊಡಲು ಅವರ ತಂದೆ ಕಟ್ಟಿಸಿದ್ದು. ಹೋಂಸ್ಟೇ ಶುರುವಾದ ಮೇಲೆ ಏರಿಯ ಮೇಲೆ ನಾಲ್ಕು ಕುರ್ಚಿ ಬಂದವು, ಒಂದು ತೆಪ್ಪ ಬಂತು, ಬಾಡಿಗೆಗೆ ಆರು ಗಾಳದ ಕೋಲು ಬಂದವು. ಗಾಳ ಹಾಕಿದ ಐದು ನಿಮಿಷಕ್ಕೆ ಮೀನು ಕಚ್ಚುತ್ತದೆ, ಆದರೆ ಅಂಗೈಗಿಂತ ದೊಡ್ಡದು ಒಂದೂ ಇಲ್ಲ ಎಂದು ಬೆಂಗಳೂರಿನಿಂದ ಬಂದವರು ಗೊಣಗುತ್ತಿದ್ದರಂತೆ. ಹಿಂದಿನ ಮೂರು ವರ್ಷ ವರ್ಷಕ್ಕೆ ಎರಡು ಸಾವಿರದಂತೆ ಕಾಟ್ಲಾ, ರೋಹು ಮರಿ ಬಿಟ್ಟಿದ್ದರು. ಸಾಲಲಿಲ್ಲವೇನೋ, ಈ ಸಲ ಹತ್ತು ಸಾವಿರ ಬಿಡೋಣ ಎಂಬುದು ಅವರ ಲೆಕ್ಕ.

"ಮರಿ ಆಮೇಲೆ ತರೋಣ ಸಾರ್, ಮೊದಲು ಕೆರೆ ನೋಡುತ್ತೇನೆ" ಎಂದೆ.

ನಾನು ಓದಿದ್ದು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ. ಆಮೇಲಿನ ವರ್ಷಗಳೆಲ್ಲ ಚಿಕ್ಕಮಗಳೂರು, ಹಾಸನದ ಕೆರೆಗಳ ಏರಿಯ ಮೇಲೆ ಕಳೆದವು. ಆದರೂ ಈ ಕೆರೆಯಲ್ಲಿ ಮೊದಲ ದಿನವೇ ಎಡವಿದೆ. ಬಲೆ ತರುವ ಖರ್ಚು ಯಾಕೆಂದು ಹೋಂಸ್ಟೇಯ ಗಾಳಗಳಿಂದಲೇ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮೀನು ಹಿಡಿಸಿ, ಸಿಕ್ಕ ಎಪ್ಪತ್ತು ಚಿಲ್ಲರೆ ಮೀನುಗಳಲ್ಲಿ ಅರವತ್ತಕ್ಕೂ ಹೆಚ್ಚು ಜಿಲೇಬಿ ಮೀನೇ (ತಿಲಾಪಿಯಾ) ಇದ್ದುದನ್ನು ನೋಡಿ, "ನೀವು ಬಿಟ್ಟ ರೋಹುವಿನಲ್ಲಿ ಒಂದೂ ಉಳಿದಿಲ್ಲ" ಎಂದು ಮಾಲೀಕರಿಗೆ ಹೇಳಿಬಿಟ್ಟೆ. ಹೊಟ್ಟೆಬಾಕ ಜಿಲೇಬಿ ಎಲ್ಲರಿಗಿಂತ ಮೊದಲು ಗಾಳಕ್ಕೆ ಬಾಯಿ ಹಾಕುತ್ತದೆ. ಕಾಟ್ಲಾ ಮೇಲಿನ ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಮೀನು, ಎರೆಹುಳುವಿನ ಕಡೆ ತಿರುಗಿಯೂ ನೋಡುವುದಿಲ್ಲ. ಒಂದು ಸಲ ಗಾಳದ ರುಚಿ ಕಂಡ ಗೆಂಡೆ (ಕಾಟ್ಲಾ, ರೋಹುಗಳೂ ಸೇರುವ ಕಾರ್ಪ್ ಜಾತಿ) ಬಹಳ ದಿನ ಆ ಕಡೆ ಸುಳಿಯುವುದಿಲ್ಲ. ಇವೆಲ್ಲ ನನಗೆ ಗೊತ್ತಿದ್ದ ವಿಷಯಗಳೇ. ಗಾಳ ಹೇಳಿದ್ದು ಯಾರಿಗೆ ಹಸಿವು ಜಾಸ್ತಿ ಎಂಬುದನ್ನು ಮಾತ್ರ. ಕೆರೆಯಲ್ಲಿ ಯಾರು ಯಾರಿದ್ದಾರೆ ಎಂದು ಅದನ್ನು ಕೇಳಿದ್ದು ನನ್ನ ತಪ್ಪು.

ಮರುವಾರ ಸಖರಾಯಪಟ್ಟಣದ ಕಡೆಯಿಂದ ಎಳೆಯುವ ಬಲೆಯೊಡನೆ ಆರು ಜನರನ್ನು ಕರೆಸಿದೆ. ಅಯ್ಯನಕೆರೆಯ ನೀರಿನಲ್ಲಿ ಪಳಗಿದ ಕೈಗಳು. ಮಾರ್ಚ್ ಈ ಕೆಲಸಕ್ಕೆ ಒಳ್ಳೆಯ ಕಾಲ. ಗಿಡಕ್ಕೆ ನೀರು ಹೊಡೆದು ಹೊಡೆದು ಕೆರೆ ಎರಡು ಎಕರೆಗೆ ಇಳಿದಿರುತ್ತದೆ, ಬಲೆಯ ತಳ ನೆಲಕ್ಕೆ ಕೂರುತ್ತದೆ, ಮೀನು ತಪ್ಪಿಸಿಕೊಳ್ಳುವ ಆಳ ತೂಬಿನ ಹತ್ತಿರ ಬಿಟ್ಟರೆ ಬೇರೆಲ್ಲೂ ಇರುವುದಿಲ್ಲ.

ಬಲೆ ಹಾಕುವ ಮುಂಚೆ ನೀರು ನೋಡಿದೆ. ಬೆಳಗಿನ ಆರಕ್ಕೇ ಹೋಗಬೇಕು. ರಾತ್ರಿಯೆಲ್ಲ ಪಾಚಿಯೂ ಮೀನೂ ಸೇರಿ ನೀರಿನ ಆಮ್ಲಜನಕವನ್ನು ಉಸಿರಾಡಿ ಮುಗಿಸಿರುತ್ತವೆ, ಕೆರೆಯ ಬಡತನ ಕಾಣುವುದು ಆ ಹೊತ್ತಿನಲ್ಲೇ. ಆಮ್ಲಜನಕ ಲೀಟರಿಗೆ 3.8 ಮಿಲಿಗ್ರಾಂ ಇತ್ತು. ಗೆಂಡೆ ಜಾತಿಗೆ 5ಕ್ಕಿಂತ ಮೇಲಿದ್ದರೆ ನೆಮ್ಮದಿ. ಮಧ್ಯಾಹ್ನ ಎರಡಕ್ಕೆ ಅದೇ ಜಾಗದಲ್ಲಿ 9 ದಾಟಿತ್ತು. ಹೀಗೆ ಉಯ್ಯಾಲೆಯಾಡಿದರೆ ನೀರಿನಲ್ಲಿ ಪಾಚಿ ಮಿತಿ ಮೀರಿದೆ ಎಂದೇ ಅರ್ಥ. ಕಪ್ಪು ಬಿಳುಪು ಬಣ್ಣ ಬಳಿದ 20 ಸೆಂಟಿಮೀಟರ್ ತಟ್ಟೆಯನ್ನು ಹಗ್ಗದಲ್ಲಿ ಇಳಿಬಿಟ್ಟರೆ 18 ಸೆಂಟಿಮೀಟರಿಗೇ ಕಣ್ಮರೆಯಾಯಿತು. ಮೂವತ್ತು ನಲವತ್ತರವರೆಗೆ ಕಂಡಿದ್ದರೆ ಸಂತೋಷಪಡುತ್ತಿದ್ದೆ. ನೀರಿನ ಕ್ಷಾರತೆ ಬಹಳ ಕಡಿಮೆ. ನಮ್ಮ ಮಲೆನಾಡಿನ ಹುಳಿ ಮಣ್ಣಿನ ಮೇಲೆ ಹರಿದು ಬಂದ ಮಳೆನೀರು ಹಾಗೆಯೇ ಇರುತ್ತದೆ.

ಮೂರು ಸಲ ಬಲೆ ಎಳೆದೆವು. ಒಟ್ಟು 412 ಮೀನು. ಜಿಲೇಬಿ 331, ರೋಹು 38, ಕಾಟ್ಲಾ 14, ಸಾಮಾನ್ಯ ಗೆಂಡೆ 11, ಉಳಿದದ್ದು ಸಸಲು ಮತ್ತಿತರ ಸಣ್ಣವು. ಮೊದಲ ರೋಹು ಬಲೆಯಲ್ಲಿ ಮಗುಚಿಕೊಂಡಾಗ ಮಾಲೀಕರು ನನ್ನ ಮುಖ ನೋಡಿದರು. ನಾನು ಬಲೆಯ ಗಂಟು ಬಿಡಿಸುವುದರಲ್ಲಿ ಮಗ್ನನಾದೆ.

ಉದ್ದ ಅಳೆಯಲು ಒಂದು ಹಲಗೆ ಸಾಕು, ಒಂದು ತುದಿಗೆ ಅಡ್ಡಪಟ್ಟಿ, ನಡುವೆ ಅಂಟಿಸಿದ ಟೇಪು. ಮೂತಿಯನ್ನು ಪಟ್ಟಿಗೆ ತಾಗಿಸಿ ಬಾಲದ ತುದಿ ಓದುವುದು. ಕಷ್ಟವಿರುವುದು ತೂಕದಲ್ಲಿ. ಒದ್ದಾಡುವ ಮೀನು, ಬೀಸುವ ಗಾಳಿ, ಹೋಂಸ್ಟೇ ಅಡುಗೆಮನೆಯ ತಕ್ಕಡಿ. ಒಂದೇ ಮೀನನ್ನು ಮೂರು ಸಲ ತೂಗಿದಾಗ ಐವತ್ತು ಗ್ರಾಂ ಹೆಚ್ಚುಕಡಿಮೆ ಬಂತು. ಆಮೇಲೆ ನೀರು ತುಂಬಿದ ಬಕೆಟನ್ನೇ ತಕ್ಕಡಿಯ ಮೇಲಿಟ್ಟು, ಸೊನ್ನೆಗೆ ತಂದು, ಮೀನನ್ನು ಅದರೊಳಗೇ ಬಿಟ್ಟೆ. ವಾಪಸು ಬಿಡಬೇಕಾದ ಮೀನಿಗೆ ಲವಂಗದ ಎಣ್ಣೆಯಿಂದ ಅರೆಪ್ರಜ್ಞೆ ಬರಿಸುತ್ತೇನೆ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ, ಮೊದಲು ಸ್ವಲ್ಪ ಸ್ಪಿರಿಟ್‌ನಲ್ಲಿ ಕಲಕಬೇಕು. 20 ಲೀಟರ್ ನೀರಿಗೆ ಒಂದು ಮಿಲಿಲೀಟರಿಗಿಂತ ಕಡಿಮೆ ಸಾಕು, ಒಂದೆರಡು ನಿಮಿಷಕ್ಕೆ ಮೀನು ಮಗ್ಗುಲಾಗುತ್ತದೆ. ತಿನ್ನುವ ಮೀನಿಗೆ ಇದನ್ನು ಬಳಸುವುದಿಲ್ಲ. ಕೈ ಒದ್ದೆಯಾಗಿರಲೇಬೇಕು, ಒಣಗೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತುಬಂದು ಅಲ್ಲಿಂದಲೇ ಹುಣ್ಣು ಶುರುವಾಗುತ್ತದೆ.

ಉದ್ದ, ತೂಕ ಸಿಕ್ಕಿದ ಮೇಲೆ ಸಣ್ಣದೊಂದು ಲೆಕ್ಕ. ಗ್ರಾಂ ತೂಕವನ್ನು ನೂರರಿಂದ ಗುಣಿಸಿ, ಸೆಂಟಿಮೀಟರ್ ಉದ್ದದ ಘನದಿಂದ ಭಾಗಿಸುವುದು. ಮೀನು ಉದ್ದಕ್ಕೆ ತಕ್ಕಷ್ಟು ಮೈ ತುಂಬಿಕೊಂಡಿದೆಯೇ ಎಂಬುದನ್ನು ಇದು ಹೇಳುತ್ತದೆ. ಆ ದಿನದ ಒಂದು ರೋಹು 42 ಸೆಂಟಿಮೀಟರ್ ಉದ್ದ, 610 ಗ್ರಾಂ ತೂಕ. ಲೆಕ್ಕ ಹಾಕಿದರೆ 0.82. ಒಂದರ ಮೇಲಿರಬೇಕಾಗಿದ್ದ ಮೀನು. ಲೆಕ್ಕವೇ ಬೇಡ, ಬೆನ್ನ ಮೇಲೆ ಬೆರಳಾಡಿಸಿದರೆ ಮೂಳೆ ಸಿಗುತ್ತಿತ್ತು. ಈ ಸಂಖ್ಯೆಯನ್ನು ಒಂದು ಜಾತಿಯ ಮೀನಿನಿಂದ ಇನ್ನೊಂದಕ್ಕೆ ಹೋಲಿಸಬಾರದು. ದೊಡ್ಡ ತಲೆಯ ಕಾಟ್ಲಾಗೂ ಕೋಲು ಮೈಯ ಕೊರವ ಮೀನಿಗೂ (ಮರಲ್) ಒಂದೇ ಅಳತೆ ಹಿಡಿದರೆ ಕೊರವ ಯಾವತ್ತೂ ಉಪವಾಸ ಬಿದ್ದಂತೆಯೇ ಕಾಣುತ್ತದೆ.

ಜಿಲೇಬಿಗಳ ಉದ್ದವನ್ನು ತೋಟದ ಚೆಕ್‌ರೋಲ್ (ಆಳುಗಳ ಹಾಜರಿ) ಹಾಳೆಯ ಹಿಂಬದಿಯಲ್ಲಿ ಸೆಂಟಿಮೀಟರಿಗೊಂದು ಸಾಲು ಮಾಡಿ ಗೀಟು ಎಳೆಯುತ್ತ ಹೋದೆ. ಮುಗಿದಾಗ ಹಾಳೆಯ ಮೇಲೆ ಒಂದೇ ಒಂದು ಹುತ್ತ. 9ರಿಂದ 13ರ ನಡುವೆ ಗೀಟುಗಳು ಒತ್ತೊತ್ತಾಗಿ ನಿಂತಿದ್ದವು, ಆಚೆ ಈಚೆ ಬಯಲು. ನೆಮ್ಮದಿಯ ಕೆರೆಯಾಗಿದ್ದರೆ ಮರಿ, ಎಳೆಯದು, ಬಲಿತದ್ದು ಎಂದು ಮೆಟ್ಟಿಲಿನಂತೆ ಇಳಿಯಬೇಕಿತ್ತು. ಇಪ್ಪತ್ತು ಮೀನು ಕೊಯ್ದು ನೋಡಿದೆ. 11 ಸೆಂಟಿಮೀಟರಿನ ಹೆಣ್ಣುಗಳ ಹೊಟ್ಟೆಯಲ್ಲಿ ಬಲಿತ ಮೊಟ್ಟೆ, ಕರುಳಿನ ಸುತ್ತ ಎಳ್ಳಷ್ಟೂ ಕೊಬ್ಬಿಲ್ಲ. ಬಲೆ ದಡಕ್ಕೆ ಬರುವಾಗಲೇ ಒಂದು ಬೆರಳುದ್ದದ ತಾಯಿ ಬಾಯಿ ತೆರೆದು ಮರಿಗಳನ್ನು ಉಗುಳಿತ್ತು. ಕಣ್ಣು ಮಾತ್ರ ಕಾಣುವ ಮೂವತ್ತು ನಲವತ್ತು ಚುಕ್ಕೆಗಳು ಬಲೆಯ ಕಣ್ಣಿನಿಂದ ಜಾರಿ ಮತ್ತೆ ನೀರಿಗೆ ಹೋದವು. 1952ರಲ್ಲಿ ಆಫ್ರಿಕಾ ಮೂಲದ ಈ ಮೀನನ್ನು ನಮ್ಮ ದೇಶಕ್ಕೆ ತಂದಾಗ ಇದರ ಬಾಯಿಯ ಈ ಶಕ್ತಿಯನ್ನು ಯಾರಾದರೂ ಎಣಿಸಿದ್ದರೋ ಏನೋ. ಬೆಳೆಯಲು ಆಹಾರ ಸಾಲದ ಜಿಲೇಬಿ ಬೆಳೆಯುವ ಆಸೆಯನ್ನೇ ಬಿಟ್ಟು ಸಂಸಾರ ಹೂಡುತ್ತದೆ.

ಇಲ್ಲಿ ಒಂದು ಮಾತು. ಮೋಜಿನ ಮೀನುಗಾರಿಕೆಯ ಕೆರೆಗಳ ಬಗ್ಗೆ ಸಿಗುವ ಇಂಗ್ಲಿಷ್ ಪುಸ್ತಕಗಳಲ್ಲಿ ಹೆಚ್ಚಿನವು ಅಮೆರಿಕದ ಬಾಸ್ ಮತ್ತು ಬ್ಲೂಗಿಲ್ ಮೀನುಗಳ ಲೆಕ್ಕದಲ್ಲಿ ಬರೆದವು. ಅಲ್ಲಿ ಮರಿ ಕಾಣದಿದ್ದರೆ ಕೆರೆಗೆ ಕಾಯಿಲೆ. ನಮ್ಮ ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮೊಟ್ಟೆಯನ್ನೇ ಇಡುವುದಿಲ್ಲ, ಅವಕ್ಕೆ ಮಳೆಗಾಲದ ಹರಿಯುವ ಹೊಳೆ ಬೇಕು. 1957ರಲ್ಲಿ ಹೀರಾಲಾಲ್ ಚೌಧರಿಯವರು ಪಿಟ್ಯುಟರಿ ಗ್ರಂಥಿಯ ಚುಚ್ಚುಮದ್ದಿನಿಂದ ಈ ಗೆಂಡೆಗಳನ್ನು ಮರಿ ಮಾಡಿಸಿದ ಮೇಲೆಯೇ ನಮಗೆ ಬೇಕಾದಷ್ಟು ಬಿತ್ತನೆ ಮರಿ ಸಿಗತೊಡಗಿದ್ದು. ಹಾಗಾಗಿ ಈ ಕೆರೆಯಲ್ಲಿ ರೋಹು ಮರಿ ಕಾಣದಿದ್ದದ್ದು ನನಗೆ ಚಿಂತೆಯ ವಿಷಯವೇ ಆಗಿರಲಿಲ್ಲ. ಬಿಟ್ಟ ಆರು ಸಾವಿರ ಎಲ್ಲಿ ಹೋಯಿತು ಎಂಬುದು ಚಿಂತೆಯಾಗಿತ್ತು.

ಅದಕ್ಕೆ ಗುರುತು ಹಾಕಿ ಎಣಿಸಿದೆ. ಎರಡು ದಿನಗಳಲ್ಲಿ ಸಿಕ್ಕ ರೋಹು, ಕಾಟ್ಲಾ ಒಟ್ಟು 64. ಒಂದೊಂದರದೂ ಹೊಟ್ಟೆಯ ಎಡರೆಕ್ಕೆಯ ತುದಿಯನ್ನು ಕತ್ತರಿಯಿಂದ ಚೂರು ಕತ್ತರಿಸಿ ಬಿಟ್ಟೆವು. ಹದಿನೆಂಟು ದಿನ ಕಳೆದು ಮತ್ತೆ ಬಲೆ ಎಳೆದಾಗ 57 ಸಿಕ್ಕಿತು, ಅದರಲ್ಲಿ ಗುರುತಿನದು 8. ಗುರುತಿನವು ಉಳಿದವುಗಳ ಜೊತೆ ಚೆನ್ನಾಗಿ ಬೆರೆತಿವೆ, ನಡುವೆ ಯಾವುದೂ ಹೊರಗೆ ಹೋಗಿಲ್ಲ ಎಂದಿಟ್ಟುಕೊಂಡು, ಮೂರೂ ಸಂಖ್ಯೆಗೆ ಒಂದೊಂದು ಸೇರಿಸಿ, 65ನ್ನು 58ರಿಂದ ಗುಣಿಸಿ, 9ರಿಂದ ಭಾಗಿಸಿ, ಒಂದು ಕಳೆದೆ. 418 ಬಂತು. ಗುರುತಿನದು ಇನ್ನೆರಡು ಹೆಚ್ಚು ಸಿಕ್ಕಿದ್ದರೆ ಉತ್ತರ 350ರ ಒಳಗೆ ಇಳಿಯುತ್ತಿತ್ತು, ಆದ್ದರಿಂದ "ಮುನ್ನೂರರಿಂದ ಆರುನೂರು" ಎಂದು ಬರೆದುಕೊಟ್ಟೆ. ಮಾಲೀಕರಿಗೆ ಸರಿಯಾದ ಒಂದೇ ಸಂಖ್ಯೆ ಬೇಕಿತ್ತು. ಕೆರೆ ಬ್ಯಾಂಕಿನ ಪಾಸ್‌ಬುಕ್ ಆಗಿದ್ದರೆ ಕೊಡುತ್ತಿದ್ದೆ.

ಉಳಿದ ಐದೂವರೆ ಸಾವಿರ ಯಾರ ಪಾಲಾಯಿತು? ನೀರುಕಾಗೆ ಎಂದರು ಮಾಲೀಕರು. ನಿಜ, ಉಗುರುದ್ದದ ಮರಿ ಬಿಟ್ಟರೆ ನೀರುಕಾಗೆ ಬೇಡ, ಜಿಲೇಬಿಯೇ ಸಾಕು. ಆದರೆ ಪೂರ್ತಿ ಉತ್ತರ ಸಿಕ್ಕಿದ್ದು ತೋಟದ ಆಳುಗಳ ಲೈನ್ ಮನೆಯ ಅಜ್ಜಿಯೊಬ್ಬರಿಂದ. ಬಲೆಯಿಂದ ಬೇರ್ಪಡಿಸಿದ ಜಿಲೇಬಿಯನ್ನು ಬುಟ್ಟಿಗೆ ತುಂಬಿಕೊಳ್ಳುತ್ತ ಅವರು ಹೇಳಿದರು: "ದೊಡ್ಡ ಮೀನು ಬೇಕಿದ್ದರೆ ಆಷಾಢದಲ್ಲಿ ಬರಬೇಕಿತ್ತು ಅಪ್ಪ. ಕೋಡಿ ಬಿದ್ದ ಮೇಲೆ ನಾವು ದಿನಾ ಅದನ್ನೇ ತಿನ್ನುತ್ತೇವೆ." ಹೊಸ ನೀರಿಗೆ ಹಳ್ಳ ಏರುವ ಹತ್ತುಮೀನಿಗೆಂದು ಇಟ್ಟ ಕೂಣಿಯನ್ನೇ (ಮೀನು ಹಿಡಿಯುವ ಬುಟ್ಟಿ) ಕೋಡಿ ಬಿದ್ದ ಮೇಲೆ ಬಾಯಿ ತಿರುಗಿಸಿ ಕೋಡಿಯ ಕೆಳಗೆ ಇಡುತ್ತಿದ್ದರಂತೆ. ಹರಿಯುವ ನೀರು ಕಂಡರೆ ಗೆಂಡೆ ಸುಮ್ಮನಿರುವ ಜಾತಿಯಲ್ಲ, ಕೋಡಿಗೆ ಜಾಲರಿಯೂ ಇರಲಿಲ್ಲ. ಲವಂಗದ ಎಣ್ಣೆ, ತಕ್ಕಡಿ ಎಲ್ಲ ತೆಗೆಯುವ ಮುಂಚೆ ಲೈನಿನಲ್ಲಿ ಒಂದು ಲೋಟ ಕಾಫಿ ಕುಡಿಯಬೇಕಿತ್ತು ನಾನು.

ಮಾಡಿದ್ದು ಇಷ್ಟು. ಆ ವರ್ಷ ಒಂದೂ ಮರಿ ಬಿಡಲಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಬಲೆ ಎಳೆದು ಸುಮಾರು 280 ಕೆಜಿ ಜಿಲೇಬಿ ತೆಗೆದೆವು. ಒಂದು ತಿಂಗಳು ಲೈನಿನ ಮಾಡಿನ ಮೇಲೆಲ್ಲ ಒಣಮೀನು. ಮರಿ ತಿನ್ನುವುದಕ್ಕೆ ಗೇಣುದ್ದದ ಕೊರವ 60 ಬಿಟ್ಟೆವು. ಆಫ್ರಿಕನ್ ಕ್ಯಾಟ್‌ಫಿಶ್ ಬಿಡಿ, ಎಲ್ಲ ತಿಂದು ಹಾಕುತ್ತದೆ ಎಂದು ಯಾರೋ ಮಾಲೀಕರ ಕಿವಿಯೂದಿದ್ದರು. ಸರ್ಕಾರ ನಿಷೇಧಿಸಿರುವ ಮೀನು ಅದು, ಕೋಡಿ ದಾಟಿದರೆ ಹಳ್ಳ, ಹಳ್ಳ ದಾಟಿದರೆ ಹೊಳೆ. ಆ ಮಾತಿಗೆ ಮಾತ್ರ ನಾನು ಗಂಟಲೇರಿಸಿದೆ. ನೀರಿನ ಕ್ಷಾರತೆ ಏರಲೆಂದು, ಗಿಡಕ್ಕೆಂದು ಗೋಡೌನಿನಲ್ಲಿದ್ದ ಕೃಷಿ ಸುಣ್ಣವನ್ನೇ ಕಂತುಕಂತಾಗಿ ಕೆರೆಗೆ ಹಾಕಿಸಿದೆ. ಚಳಿ ಶುರುವಾದಾಗ ಎರಡು ಕೊರವದ ಮೈಮೇಲೆ ಕೆಂಪು ಹುಣ್ಣು ಕಂಡು ಎದೆ ಧಸಕ್ಕೆಂದಿತ್ತು. ಹುಣ್ಣಿನ ರೋಗ ಮೆದು ನೀರನ್ನು, ಚಳಿಯನ್ನು ಹುಡುಕಿಕೊಂಡು ಬರುತ್ತದೆ. ಮತ್ತೆರಡು ಕಂತು ಸುಣ್ಣ ಹಾಕಿದೆವು, ಅಲ್ಲಿಗೇ ನಿಂತಿತು. ಪಕ್ಕದ ತೋಟವೊಂದರಿಂದ ಡಿಸೆಂಬರ್‌ನಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದ ನೀರು ಹಳ್ಳಕ್ಕೆ ಬಂದಾಗ ಮೂರು ದಿನ ಕೆರೆಯ ಒಳಹರಿವಿಗೆ ಮಣ್ಣಿನ ಮೂಟೆ ಅಡ್ಡ ಇಟ್ಟು ಕಾಯಬೇಕಾಯಿತು. ಕಾಫಿ ಹಣ್ಣಿನ ಸಿಹಿ ಲೋಳೆ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಕುಡಿದುಬಿಡುತ್ತದೆ.

ಜಗಳವಾದದ್ದು ದಡದ ಫಲಕದ ಬಗ್ಗೆ. "ಹಿಡಿದ ಮೀನನ್ನು ನೀರಿಗೇ ಬಿಡಿ" ಎಂದು ಚೆಂದದ ಅಕ್ಷರದಲ್ಲಿ ಬರೆಸಿದ್ದರು, ಅತಿಥಿಗಳು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆ ದಯೆಯಿಂದಲೇ ಜಿಲೇಬಿ ಇಷ್ಟಾದದ್ದು. "ಜಿಲೇಬಿ ಸಿಕ್ಕರೆ ಅಡುಗೆಮನೆಗೆ ಕೊಡಿ, ಗೆಂಡೆ ಮತ್ತು ಕೊರವ ಸಿಕ್ಕರೆ ಬಿಡಿ" ಎಂದು ಬದಲಾಯಿಸಲು ಮಾಲೀಕರಿಗೆ ಎರಡು ತಿಂಗಳು ಬೇಕಾಯಿತು. ಜೊತೆಗೆ ಒಂದು ಪುಸ್ತಕ ಇಟ್ಟೆವು: ಯಾರು, ಎಷ್ಟು ಗಂಟೆ ಗಾಳ ಹಾಕಿದರು, ಏನು ಸಿಕ್ಕಿತು. ಉದ್ದಕ್ಕೆ ಕಾಲಂ ಇಡಲಿಲ್ಲ. ಗಾಳ ಹಿಡಿದವರ ಕೈಗೆ ಅಳತೆಪಟ್ಟಿ ಕೊಟ್ಟರೂ ಮೀನು ಬೆಳೆಯುತ್ತದೆ.

ಮರುವರ್ಷ ಮಾರ್ಚ್‌ನಲ್ಲಿ ಅದೇ ಬಲೆಯವರು ಬಂದರು. ಗಂಟೆಗೆ ಸಿಗುವ ಮೀನು ಅರ್ಧಕ್ಕೆ ಇಳಿದಿದೆ ಎಂದು ಪುಸ್ತಕ ಹೇಳುತ್ತಿತ್ತು, ಮಾಲೀಕರ ಮುಖದಲ್ಲಿ ಗೆಲುವಿರಲಿಲ್ಲ. ಬಲೆಯಲ್ಲಿ ಜಿಲೇಬಿ ಕಡಿಮೆಯಾಗಿದ್ದವು, ಹಾಳೆಯ ಮೇಲಿನ ಹುತ್ತ ಕುಸಿದು 20 ಸೆಂಟಿಮೀಟರಿನವರೆಗೆ ಹರಡಿಕೊಂಡಿತ್ತು. 44 ಸೆಂಟಿಮೀಟರಿನ ರೋಹು ಒಂದು 980 ಗ್ರಾಂ ತೂಗಿತು, ಲೆಕ್ಕಕ್ಕೆ 1.15. ಅದರ ಎಡರೆಕ್ಕೆಯ ತುದಿ ಸೊಟ್ಟಗೆ ಮತ್ತೆ ಬೆಳೆದಿತ್ತು. ಮಾಲೀಕರು ಒದ್ದೆ ಕೈಯಲ್ಲಿ ಅದನ್ನು ಹಿಡಿದು ಬಹಳ ಹೊತ್ತು ನೋಡಿ, ತಾವೇ ಬಗ್ಗಿ ನೀರಿಗೆ ಬಿಟ್ಟರು. ಆ ಜೂನ್‌ನಲ್ಲಿ ಗೇಣುದ್ದದ ಬಲಿತ ಮರಿ 300 ಬಿಡುವುದೆಂದು ತೀರ್ಮಾನವಾಯಿತು, ಹತ್ತು ಸಾವಿರದ ಮಾತು ಮತ್ತೆ ಬರಲಿಲ್ಲ.

ಹೊರಡುವಾಗ ಲೈನಿನ ಅಜ್ಜಿ ದಾರಿಯಲ್ಲಿ ಸಿಕ್ಕರು. "ಕೋಡಿಗೆ ಆ ಕಬ್ಬಿಣದ ಜಾಲರಿ ಹಾಕಿಸಿದ್ದು ನೀವೇ ಅಲ್ಲವೇ?" ಎಂದು ಕೇಳಿದರು. ಹೌದು ಎಂದೆ. "ಆಷಾಢದಲ್ಲಿ ಒಂದು ವಾರ ತೆಗೆಸಿಕೊಡುತ್ತೀರಾ?"